ನೆರಳಲ್ಲಿ ಒಣಗಿಸುವವನ ಬಾಯಿಗೆ ಬೆಳಕು

ನನ್ನ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ ಎಂಬ ಸಂಗತಿ ಮೊದಲು ತಿಳಿದದ್ದು ನನ್ನ ನಾಲಿಗೆಗೆ. ಅದು ನನಗೆ ಹೇಳಲಿಲ್ಲ. ತಾನೇ ಗುಟ್ಟಾಗಿ ಹೋಗಿ ಆ ಹಲ್ಲಿನ ಬೆನ್ನು ಮುಟ್ಟಿ ನೋಡಿ ಬರುತ್ತಿತ್ತು. ಪೇಪರ್ ಓದುವಾಗ, ಬ್ಯಾಂಕಿನಲ್ಲಿ ನಿಂತಾಗ, ಎದುರಿಗಿದ್ದವರು ತಮ್ಮ ಮನೆಯ ಮದುವೆಯ ವಿಷಯ ಹೇಳುತ್ತಿರುವಾಗ ಕೂಡ ನನ್ನ ನಾಲಿಗೆ ತನ್ನ ಪಾಡಿಗೆ ತಾನು ಅಲ್ಲಿ ಕಾವಲು ಸುತ್ತುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಹಪ್ಪಳ ಕಡಿದಾಗ ಹಲ್ಲು ಕೂದಲೆಳೆಯಷ್ಟು ಹಿಂದಕ್ಕೆ ಸರಿದು, ಏನೂ ಆಗಿಲ್ಲವೆಂಬಂತೆ ಮತ್ತೆ ಮುಂದಕ್ಕೆ ಬಂದು ನಿಂತಿತು. ನಾನು ಹಪ್ಪಳವನ್ನು ತಟ್ಟೆಯ ಅಂಚಿಗೆ ಇಟ್ಟೆ. ಆಮೇಲೆ ಬರೀ ಮಜ್ಜಿಗೆ ಅನ್ನ ಉಂಡು ಎದ್ದೆ.

ನನ್ನನ್ನು ಬಲ್ಲವರಿಗೆ ನಾನು ಚಿಂತೆ ಮಾಡಲು ಹಲ್ಲೇ ಅಲ್ಲಾಡಬೇಕೆಂದಿಲ್ಲ ಎಂಬುದು ಗೊತ್ತಿದೆ. ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ನೋಡಲು ಬಸ್‌ಸ್ಟ್ಯಾಂಡಿನವರೆಗೆ ಹೋದವನು ವಾಪಸು ಬಂದಿದ್ದೇನೆ. ಹನೂರಿನ ಬಸ್ಸು ಹತ್ತಿದರೆ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂರುತ್ತೇನೆ; ಅವನು ತೂಕಡಿಸಿದರೆ ಕೆಮ್ಮಬೇಕಲ್ಲ. ಮಳೆ ಬಂದರೆ ಸೂರಿನ ಚಿಂತೆ, ಬಾರದಿದ್ದರೆ ಬಾವಿಯ ಚಿಂತೆ. ಇಂಥವನ ಬಾಯಿಯೊಳಗೇ ಒಂದು ಚಿಂತೆ ಬಂದು ಬಾಡಿಗೆಗಿಳಿದರೆ ಅದು ಬೇಗ ಖಾಲಿ ಮಾಡುವುದುಂಟೇ?

ಯೋಚಿಸಿ ನೋಡಿದರೆ ನಮ್ಮ ಹಿರಿಯರು ವಸಡಿಗೆ ದೊಡ್ಡ ಅನ್ಯಾಯ ಮಾಡಿದ್ದಾರೆ. ಹಲ್ಲನ್ನು ದಾಳಿಂಬೆ ಬೀಜವೆಂದರು, ಮಲ್ಲಿಗೆ ಮೊಗ್ಗೆಂದರು. ತುಟಿಯನ್ನು ಹವಳವೆಂದರು, ತೊಂಡೆಹಣ್ಣೆಂದರು. ಸಿಟ್ಟು ಬಂದರೆ ಹಲ್ಲು ಕಡಿಯುತ್ತೇವೆ, ಹಗೆಯಿದ್ದರೆ ಮಸೆಯುತ್ತೇವೆ, ಸಾಹೇಬರ ಮುಂದೆ ಕಿರಿಯುತ್ತೇವೆ. ವಸಡಿನ ಪಾಲಿಗೆ ಒಂದು ಮಾತಾದರೂ ಬೇಡವೇ? ಮೊಗ್ಗನ್ನು ಹೊಗಳುವವರು ಗಿಡಕ್ಕೂ ಒಂದು ಸಾಲು ಕೊಡುತ್ತಾರೆ. ಬಾಯಿಯ ವಿಷಯದಲ್ಲಿ ಮಾತ್ರ ಬೇರಿನ ಮಣ್ಣನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿದವನಲ್ಲ. ಐವತ್ತು ದಾಟುವವರೆಗೆ ನನಗೆ ವಸಡು ಅಂತ ಒಂದಿದೆ ಎಂಬ ನೆನಪೇ ಇರಲಿಲ್ಲ.

ನೆನಪು ಮಾಡಿಸಿದ್ದು ಬಣ್ಣ. ಕೊಳ್ಳೇಗಾಲದ ರೇಷ್ಮೆ ನೇಯುವವರ ಬೀದಿಯಲ್ಲಿ ನಮ್ಮದು ಬಣ್ಣದ ಮನೆ. ನೇಯ್ಗೆಯವರು ರೇಷ್ಮೆಯ ಲಡಿಗಳನ್ನು ತಂದು ಕೊಡುತ್ತಾರೆ, ನಾವು ಅವರು ಕೇಳಿದ ಬಣ್ಣಕ್ಕೆ ಅದ್ದಿ, ಒಣಗಿಸಿ, ಗೊಂಚಲು ಕಟ್ಟಿ ಕೊಡುತ್ತೇವೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದ ಕಸುಬು. ಈ ಕಸುಬಿನವನ ಕಣ್ಣಿಗೆ ಕೆಂಪು ಅಂದರೆ ಬರೀ ಕೆಂಪಲ್ಲ. ಬೆಳಿಗ್ಗೆ ಹಲ್ಲುಜ್ಜಿ ಉಗಿದಾಗ ಬೋಸಿಯಲ್ಲಿ ಕಂಡದ್ದು ಮೊದಮೊದಲು ತೆಳು ಗುಲಾಬಿ. ನಾಲ್ಕಾರು ತಿಂಗಳಲ್ಲಿ ಅದು ದಾಳಿಂಬೆಗೆ ತಿರುಗಿತು. ಬೇರೆಯವರಾಗಿದ್ದರೆ ರಕ್ತ ಎಂದು ಹೆದರಿ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾನು ಬಣ್ಣ ಏರುತ್ತಿದೆ ಎಂದುಕೊಂಡು, ನೀರು ಸುರಿದು, ಯಾರಿಗೂ ಕಾಣದಂತೆ ತೊಳೆದು ಬರುತ್ತಿದ್ದೆ. ಹೆದರಿರಲಿಲ್ಲವೆಂದಲ್ಲ. ಹೆದರಿದ್ದಕ್ಕೇ ತೋರಿಸಿಕೊಳ್ಳಲಿಲ್ಲ.

ಹೆದರಿಕೆಗೆ ಕಾರಣವಿತ್ತು. ಅದನ್ನು ಹೇಳಬೇಕಾದರೆ ನಮ್ಮ ಮನೆಯ ಹಂಡೆಯ ಮುಂದೆ ನಿಮ್ಮನ್ನು ನಿಲ್ಲಿಸಬೇಕು. ಕುದಿಯುವ ಬಣ್ಣದ ಹಂಡೆಯ ಮೇಲೆ ಕೋಲುಗಳನ್ನು ಅಡ್ಡ ಇಟ್ಟು, ಕೋಲಿಗೆ ಲಡಿಗಳನ್ನು ಇಳಿಬಿಟ್ಟಿರುತ್ತೇವೆ. ಮುಳುಗಿದ ಭಾಗ ಬಣ್ಣ ಕುಡಿಯುತ್ತದೆ, ಕೋಲಿನ ಮೇಲಿನದು ಕಾಯುತ್ತದೆ. ಹದ ನೋಡಿ ಲಡಿಯನ್ನು ತಿರುಗಿಸಿ ಮೇಲಿದ್ದದ್ದನ್ನು ಕೆಳಗೆ ಬಿಡಬೇಕು. ಹಂಡೆಯ ಈ ಕಡೆಯ ಕೋಲು ನನ್ನದು, ಆ ಕಡೆಯದು ನನ್ನ ಹೆಂಡತಿ ಮಂಗಳಾಳದು. ಇಬ್ಬರೂ ಒಂದೇ ಗಳಿಗೆಯಲ್ಲಿ ತಿರುಗಿಸಬೇಕು. ಅವಳು ಮೊದಲು, ನಾನು ಆಮೇಲೆ ಎಂದಾದರೆ ಒಂದು ಲಡಿ ಗಾಢ, ಒಂದು ಲಡಿ ತೆಳು. ಮಗ್ಗಕ್ಕೆ ಏರಿದ ಮೇಲೆ ಸೀರೆಯ ಒಡಲಲ್ಲಿ ಪಟ್ಟೆ ಬೀಳುತ್ತದೆ. ಬೆಂಕಿಯ ಭೋರ್ಗರೆತ, ನಡುವೆ ಆವಿ. ಕೂಗಿದರೆ ಕೇಳಿಸುವುದಿಲ್ಲ, ಸನ್ನೆ ಮಾಡಿದರೆ ಕಾಣುವುದಿಲ್ಲ. ಆ ಸದ್ದನ್ನು ಸೀಳಿ ಹೋಗುವುದು ಸಿಳ್ಳೆಯೊಂದೇ, ಅದಕ್ಕೇ ನಮ್ಮ ಮನೆಯಲ್ಲಿ ಅದನ್ನು ಹೊಡೆಯುವ ಪದ್ಧತಿ. ಗಡಿಯಾರ ಇಲ್ಲವೆಂದಲ್ಲ, ಗೋಡೆಯ ಮೇಲಿದೆ. ಆವಿಗೆ ಅದರ ಗಾಜು ಬೆವೆತು ಎಂದೂ ಟೈಮು ತೋರಿಸಿದ್ದಿಲ್ಲ.

ಸಿಳ್ಳೆಯ ಧಾಟಿ ಅಪ್ಪನದು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ನಮ್ಮೂರ ಮೇಲೆ ಹಾದು ಹೋಗುವಾಗ ಹಾಡಿಕೊಂಡ ಯಾವುದೋ ಪದದಿಂದ ಅವರು ಎತ್ತಿಕೊಂಡದ್ದು. ಅದರ ಮಾತು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಹಳದಿಗೆ ಧಾಟಿಯನ್ನು ಸರಸರನೆ ಮುಗಿಸುತ್ತೇನೆ. ಅರಗಿನ ಕಡುಗೆಂಪು ಬಣ್ಣಕ್ಕಾದರೆ ಕೊನೆಯ ಎಳೆಯನ್ನು ಉಸಿರು ಇರುವಷ್ಟೂ ಎಳೆಯುತ್ತೇನೆ. ಎಳೆದದ್ದು ನಿಂತಾಗ ಇಬ್ಬರೂ ಲಡಿ ತಿರುಗಿಸುತ್ತೇವೆ. ಮದುವೆಯಾದಂದಿನಿಂದ ಹೀಗೇ ನಡೆದಿದೆ. ಹಂಡೆಯ ಮುಂದೆ ನಾವು ಗಂಡ ಹೆಂಡತಿ ಮಾತಾಡಿದ್ದೇ ಇಲ್ಲ. ಜಗಳ ಕೂಡ ಹಂಡೆ ಇಳಿಸಿದ ಮೇಲೆಯೇ.

ಅಪ್ಪನ ಸಿಳ್ಳೆ ನಿಂತದ್ದನ್ನು ನಾನು ಕಂಡಿದ್ದೇನೆ. ಅವರಿಗೂ ಇದೇ ಕಾಯಿಲೆ. ಆಗೆಲ್ಲ ಔಷಧಿ ಎಂದರೆ ಇಕ್ಕಳ. ಮೈಸೂರಿಗೆ ಹೋಗಿ ಎಲ್ಲ ಹಲ್ಲನ್ನೂ ಕೀಳಿಸಿಕೊಂಡು, ಬಾಯಿಗೆ ವಲ್ಲಿ ಅಡ್ಡ ಹಿಡಿದು ಬಸ್ಸಿಳಿದರು. ಆಮೇಲೆ ಸೆಟ್ಟು ಬಂತು. ಸೆಟ್ಟು ಹಾಕಿಕೊಂಡು ಹಂಡೆಯ ಮುಂದೆ ನಿಂತು ತುಟಿ ಕೂಡಿಸಿ ಊದಿದರೆ ಬರೀ ಗಾಳಿ. ತೆಗೆದಿಟ್ಟು ಊದಿದರೂ ಗಾಳಿ. ಆ ವಾರ ಒಂದು ಮುಹೂರ್ತದ ಸೀರೆಯ ರೇಷ್ಮೆ ಕೆಟ್ಟಿತು. ಅಪ್ಪ ಕೋಲನ್ನು ನನ್ನ ಕೈಗೆ ಕೊಟ್ಟು ಬಾಗಿಲ ಹತ್ತಿರದ ಮಣೆಯ ಮೇಲೆ ಹೋಗಿ ಕೂತರು. ಅವರಿಗೆ ಆಗ ಕೈಯಲ್ಲಿ ಇನ್ನೂ ಬೇಕಾದಷ್ಟು ಶಕ್ತಿಯಿತ್ತು. ನನಗೆ ತುಂಬ ಸಂಕಟವಾಯಿತು. ನನ್ನ ಲೆಕ್ಕದಲ್ಲಿ ಅವರು ಮುದುಕರಾದದ್ದು ಆ ದಿನ.

ಹಾಗಾಗಿ ಅಲ್ಲಾಡುತ್ತಿದ್ದದ್ದು ನನ್ನ ಕಣ್ಣಿಗೆ ಹಲ್ಲೊಂದೇ ಅಲ್ಲ. ಹಲ್ಲು ಬಿದ್ದರೆ ಸಿಳ್ಳೆ ಹೋಯಿತು, ಸಿಳ್ಳೆ ಹೋದರೆ ಹದ ಹೋಯಿತು, ಹದ ಹೋದರೆ ನಾನು ಬಾಗಿಲ ಹತ್ತಿರದ ಮಣೆಗೆ. ಇಷ್ಟನ್ನೂ ದಿನಕ್ಕೆ ಹಲವು ಸಲ ಮನಸ್ಸಿನಲ್ಲೇ ನಡೆಸಿ ನೋಡುತ್ತಿದ್ದೆ. ಕನ್ನಡಿಯ ಮುಂದೆ ತುಟಿ ಎತ್ತಿ ನೋಡಿದರೆ ವಸಡು ಊದಿಕೊಂಡು, ಹಲ್ಲಿನಿಂದ ಸ್ವಲ್ಪ ದೂರ ಸರಿದು, ಮುನಿಸಿಕೊಂಡ ನೆಂಟರಂತೆ ನಿಂತಿತ್ತು.

ಮಂಗಳಾಳ ಅಣ್ಣ ಚಂದ್ರಣ್ಣ ರಾಮಾಪುರದ ಬಸ್‌ಸ್ಟಾಪಿನ ಹತ್ತಿರ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ಮನೆಗೆ ಬಂದಾಗ ಬೇರೆ ಯಾರದೋ ಹಲ್ಲು ಎಂಬಂತೆ ವಿಷಯ ತೆಗೆದೆ. ನನ್ನ ಸ್ನೇಹಿತರೊಬ್ಬರಿಗೆ ಹೀಗಂತೆ, ಪಾಪ, ಎಂದೆ.

"ಅಲ್ಲಾಡ್ತಾ ಅದಾ? ದಾರ ಕಟ್ಟಿ ಬಾಗ್ಲಿಗೆ ಬಿಗ್ದು ಎಳ್ದುಬುಡಕ್ಕೇಳಿ ಬಾವ. ಅದನ್ನ ಇಟ್ಕಂಡು ಪೂಜೆ ಮಾಡಕ್ಕಾದದ?" ಎಂದ ಚಂದ್ರಣ್ಣ. ಆಮೇಲೆ ನನ್ನ ಮುಖ ನೋಡಿ, "ನಿಮ್ ಸ್ನೇಯಿತ್ರು ಯಾಕೋ ಬೆವರ್ತಾವ್ರೆ ಬಾವ" ಎಂದು ನಕ್ಕ. ನಮ್ಮ ಮನೆಯಲ್ಲಿ ದಾರಕ್ಕೆ ಬರವಿಲ್ಲ. ಅದಕ್ಕೇ ನನಗೆ ಇನ್ನಷ್ಟು ದಿಗಿಲಾಯಿತು. ಅವನು ಹೋಗುವವರೆಗೆ ನಾನು ಬಾಗಿಲಿಂದ ದೂರವೇ ಕೂತಿದ್ದೆ.

ನಗುವಿನ ಸದ್ದಿಗೆ ಮಂಗಳಾ ಒಳಗಿಂದ ಬಂದಳು. ಅವಳ ಕೈಯಲ್ಲಿ ನಾನು ಬಾಯೊರೆಸಿಕೊಂಡ ಟವೆಲ್ಲು ಇತ್ತು. ಅವಳೂ ಬಣ್ಣದ ಮನೆಯವಳೇ. ಟವೆಲ್ಲಿನ ಕಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ ಅಂಡೆದಲ್ಲ. ಯಾವಾಗ್ನಿಂದ ಇದು?" ಎಂದಳು. ನಾನು ಸ್ನೇಹಿತರ ಕಥೆ ಮುಂದುವರಿಸಲು ಬಾಯಿ ತೆರೆದೆ. "ಬಾಯ್ ತಗ್ದಿದ್ದೀರಲ್ಲ, ಅಂಗೇ ಇರಿ" ಎಂದು ಹೇಳಿ ಗಲ್ಲ ಹಿಡಿದು ನೋಡಿದಳು. ಅವಳ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಮರುಗಳಿಗೆ ಬೈಯಲು ಶುರು ಮಾಡಿದಳು. "ಬಸ್ ಡ್ರೈವರು ನಿದ್ದೆ ಮಾಡ್ತಾನೇನೋ ಅಂತ ಕಾಯ್ತೀರಿ, ನಿಮ್ ಬಾಯ್ ನೀವ್ ನೋಡ್ಕಳಕ್ಕಾಗ್ನಿಲ್ವ? ನಡೀರಿ, ನಾಳೆ ಡಾಕ್ಟ್ರತ್ರ ಓಗನ."

ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಳಂದೂರು ಕಡೆಯ ಅಗರದವರು, ವಸಡಿನ ಚಿಕಿತ್ಸೆಯನ್ನೇ ಓದಿಕೊಂಡು ಬಂದವರು. ಮಾತು ಡಾಕ್ಟರ ಮಾತು, ಮಧ್ಯೆ ಮಧ್ಯೆ ಊರಿನದು ಇಣುಕುತ್ತಿತ್ತು. ಮೊನಚಾದ ಸಣ್ಣ ಅಳತೆಕಡ್ಡಿಯೊಂದನ್ನು ವಸಡಿನ ಅಂಚಿನಲ್ಲಿ ಇಳಿಸಿ ಇಳಿಸಿ ನೋಡಿ, ವಸಡಿಗೂ ಹಲ್ಲಿಗೂ ನಡುವೆ ಜೇಬುಗಳಾಗಿವೆ ಎಂದರು. ಆ ಜೇಬಿನೊಳಗೆ ಬ್ರಷ್ಷು ಹೋಗುವುದಿಲ್ಲ. ಅಲ್ಲಿ ಪಾಚಿ ಕಟ್ಟುತ್ತದೆ, ಕ್ರಿಮಿ ಸೇರುತ್ತವೆ, ಅವುಗಳ ಗಲಾಟೆಗೆ ಹಲ್ಲನ್ನು ಹಿಡಿದಿರುವ ಮೂಳೆ ಹಿಂದೆ ಸರಿಯುತ್ತದೆ. ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು, ಕೀಳಬೇಕೇ ಎಂದು ಕೇಳಿದೆ. ಬಾಯಿಯಲ್ಲಿ ಕಡ್ಡಿ ಇದ್ದದ್ದರಿಂದ ಅದು ಏನೆಂದು ಕೇಳಿಸಿತೋ, ಅವರು "ಆಯ್ತು ಅಂಕಲ್, ಆಮೇಲೆ ನೀರು ಕುಡೀರಿ" ಎಂದರು.

ನೀರು ಕುಡಿದ ಮೇಲೆ ವಿವರಿಸಿದರು. ಮೊದಲು ಜೇಬುಗಳನ್ನೆಲ್ಲ ಕೆರೆದು ಶುದ್ಧ ಮಾಡುವುದು. ಕೆರೆದ ಮೇಲೂ ಮೂಲೆಯಲ್ಲಿ ಅಡಗಿದ ಕ್ರಿಮಿ ಇರುತ್ತವಲ್ಲ, ಅವಕ್ಕೆ ಬೆಳಕಿನ ಚಿಕಿತ್ಸೆ. "ಒಂದು ನೀಲಿ ಬಣ್ಣ ಇದೆ ಅಂಕಲ್. ಅದನ್ನ ಜೇಬಿನೊಳಕ್ಕೆ ಬಿಡ್ತೀನಿ. ಕ್ರಿಮಿ ಆ ಬಣ್ಣ ಹೀರ್ಕಳ್ತವೆ. ಆಮೇಲೆ ಸಣ್ಣ ಕೊಳವೇಲಿ ಕೆಂಪು ಬೆಳಕು ಒಳಕ್ಕೆ ಬಿಡೋದು. ಬೆಳಕು ಬಿದ್ದ ತಕ್ಷಣ ಬಣ್ಣ ಎದ್ದು ಕೂರ್ತದೆ. ಪಕ್ಕದಲ್ಲಿರೋ ಆಮ್ಲಜನಕನ ಕೆರಳಿಸ್ತದೆ, ಅದು ಕ್ರಿಮಿನ ಸುಡ್ತದೆ. ಬರೀ ಬಣ್ಣಕ್ಕೆ ಏನೂ ಆಗಲ್ಲ, ಬರೀ ಬೆಳಕಿಗೂ ಆಗಲ್ಲ. ಎರಡೂ ಕೂಡ್ಬೇಕು." ನೋವಿಲ್ಲ, ಮಾತ್ರೆಗಳ ರಾಶಿಯೂ ಬೇಡ ಎಂದರು. ಹಲ್ಲು ಉಳಿಯುತ್ತದೆಯೇ ಎಂದು ಮಂಗಳಾ ಕೇಳಿದಳು. "ಉಳಿಸೋ ಪ್ರಯತ್ನ ಮಾಡೋಣ ಅಕ್ಕ. ಸುಳ್ಳು ಹೇಳಲ್ಲ, ಹೋದ ಮೂಳೆ ಬೆಳಕಿಗೆ ವಾಪಸ್ ಬರಲ್ಲ. ಇರೋದು ನಿಂತ್ರೆ ಸಾಕು." ಈ ಮಾತನ್ನು ಮಂಗಳಾ ಧೈರ್ಯವೆಂದು ತೆಗೆದುಕೊಂಡಳು. ನಾನು ಕೊನೆಯ ಅರ್ಧವನ್ನಷ್ಟೇ ತೆಗೆದುಕೊಂಡು ಮನೆಗೆ ಬಂದೆ.

ಬೇರೆ ಯಾವ ಕಸುಬಿನವನಾಗಿದ್ದರೂ ಈ ಚಿಕಿತ್ಸೆಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಬಣ್ಣದವನಿಗೆ ಬಣ್ಣದ ಮಾತು ಹೇಳಿದ್ದೇ ತಪ್ಪಾಯಿತು. ಏಕೆಂದರೆ ಬೆಳಕು ಬಣ್ಣದ ಶತ್ರು ಎಂಬುದು ನಮ್ಮ ಮನೆಯಲ್ಲಿ ಮಕ್ಕಳಿಗೆ ಅನ್ನಪ್ರಾಶನದ ಜೊತೆಗೇ ಕಲಿಸುವ ಪಾಠ. ಅದ್ದಿದ ಲಡಿಯನ್ನು ನಾವು ಎಂದೂ ಬಿಸಿಲಿಗೆ ಹಾಕುವುದಿಲ್ಲ. ಮಾಡಿನ ಕೆಳಗೆ ಗಳದ ಮೇಲೆ, ನೆರಳಲ್ಲಿ, ಗಾಳಿಗೆ. ನಾನು ಚಿಕ್ಕವನಿದ್ದಾಗ ಅಂಗಳಕ್ಕೆ ತಂದು ಹಾಕಿದ್ದಕ್ಕೆ ಅಪ್ಪ ಕಿವಿ ಹಿಂಡಿದ್ದು ಇವತ್ತಿಗೂ ಬಿಸಿಯಾಗಿದೆ. ಅಂಗಡಿಯ ಗಾಜಿನ ಬೀರುವಿನಲ್ಲಿ ವರ್ಷವಿಡೀ ನಿಂತ ಸೀರೆಯ ಮಡಿಕೆ ಹೇಗೆ ಬಿಳಚಿರುತ್ತದೆಂದು ನೋಡಿದ್ದೀರಲ್ಲ? ಹೀಗಿರುವಾಗ ಬಣ್ಣ ಹಾಕಿ, ಅದು ಇನ್ನೂ ಹಸಿಯಾಗಿರುವಾಗಲೇ ಮೇಲೆ ಬೆಳಕು ಬಿಡುವುದೆಂದರೆ? ಪಾಪ, ಓದಿದ ಹುಡುಗಿ, ಅಗರದ ಹೊಲಗದ್ದೆ ನೋಡಿ ಬೆಳೆದವಳು, ಬಣ್ಣದ ಸ್ವಭಾವ ಅವಳಿಗೆ ಹೇಗೆ ಗೊತ್ತಾಗಬೇಕು ಎಂದುಕೊಂಡೆ. ಬಣ್ಣ ನಿಲ್ಲುವುದಿಲ್ಲ, ಬೆಳಕಿಗೆ ಇಳಿದುಹೋಗುತ್ತದೆ, ಕ್ರಿಮಿ ನಗುತ್ತಾ ಕೂರುತ್ತವೆ, ನನ್ನ ಹಲ್ಲು ಬೀಳುತ್ತದೆ. ದಿನವಿಡೀ ಇದೇ ಧ್ಯಾನ.

ನಿಮಗೆ ಗೊತ್ತಿರುವಂತೆ ಹೆದರುವವನು ಸುಮ್ಮನೆ ಕೂತು ಹೆದರುವುದಿಲ್ಲ, ಏನಾದರೊಂದು ಮುಂಜಾಗ್ರತೆ ಮಾಡುತ್ತಾನೆ. ಬಣ್ಣ ಗಟ್ಟಿಯಾಗಿ ನಿಲ್ಲಬೇಕಾದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಜ್ಜನ ಕಾಲದಲ್ಲಿ ಗಿಡಮೂಲಿಕೆಯ ಬಣ್ಣಕ್ಕೆ ಮೊದಲು ರೇಷ್ಮೆಯನ್ನು ಪಟಿಕದ ನೀರಿನಲ್ಲಿ ನೆನೆಸುತ್ತಿದ್ದರು. ಪಟಿಕ ಕುಡಿದ ಎಳೆಗೆ ಬಣ್ಣ ಬಿಡದೆ ಹಿಡಿಯುತ್ತದೆ. ಗೋಡೆಯ ಗೂಡಿನಲ್ಲಿ ಇನ್ನೂ ಒಂದು ಗಡ್ಡೆ ಪಟಿಕವಿತ್ತು. ಚಿಕಿತ್ಸೆಗೆ ಕರೆದಿದ್ದ ದಿನ ಬೆಳಿಗ್ಗೆ ಅದನ್ನು ಕುಟ್ಟಿ, ಬೆಚ್ಚಗಿನ ನೀರಿಗೆ ಹಾಕಿ, ರೇಷ್ಮೆಗೆ ಮಾಡುವಷ್ಟೇ ಗಟ್ಟಿಯಾಗಿ ಕಲಸಿ, ಬಾಯಿ ತುಂಬ ತುಂಬಿಕೊಂಡು ಹಿತ್ತಲ ಕಲ್ಲಿನ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು. ಹಿಡಿಯುತ್ತಿದೆ ಎಂದುಕೊಂಡು ಉಗಿದು ಮತ್ತೆ ತುಂಬಿಕೊಂಡೆ. ಕೆನ್ನೆಯ ಒಳಗೆಲ್ಲ ಜೋತ ಚರ್ಮ ಎಳೆದು ಕಟ್ಟಿದಂತಾಯಿತು. ಮಂಗಳಾ ಏನೆಂದು ಕೇಳಿದರೆ ಬಾಯಿ ತುಂಬಿತ್ತು, ಕೈಯಲ್ಲೇ ಎಲ್ಲಾ ಸರಿಯಿದೆ ಎಂದು ತೋರಿಸಿದೆ.

ಡಾಕ್ಟರು ಬಾಯಿ ನೋಡಿದವರೇ ಹಿಂದಕ್ಕೆ ಸರಿದರು. "ಇದೇನ್ ಅಂಕಲ್, ಒಳಗೆಲ್ಲ ಸುಟ್ಕಂಡಂಗಾಗಿದೆ! ಏನ್ ಹಾಕಿದ್ರಿ?" ಪಟಿಕದ ಕಥೆಯನ್ನೆಲ್ಲ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆಂದು ಕಾಣುತ್ತದೆ, ಏಕೆಂದರೆ ಮಂಗಳಾ ಹಣೆ ಹಣೆ ಬಡಿದುಕೊಂಡಳು. ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ಬಣ್ಣ ನಿಲ್ಲೋದು ನಂಗೆ ಬೇಡ ಅಂಕಲ್. ನಿಂತ್ರೆ ನಿಮ್ ವಸಡು ಜೀವನಪೂರ್ತಿ ನೀಲಿ. ಐದ್ ನಿಮಿಷ ಕೆಲಸ ಮಾಡಿ ಅದು ಹೊರಟೋಗ್ಬೇಕು. ಬೆಳಕಿಗೆ ಅದು ಸವೀತದಲ್ಲ, ಆ ಸವೆಯೋದ್ರಲ್ಲೇ ಕೆಲಸ ಇರೋದು." ಆಮೇಲೆ ಗಾಯ ಆರಲು ಒಂದು ವಾರ ಬಿಟ್ಟು ಬನ್ನಿ, ಅಷ್ಟರವರೆಗೆ ಉಪ್ಪುನೀರು ಬಿಟ್ಟು ಇನ್ನೇನೂ ಬಾಯಿಗೆ ಹಾಕಬೇಡಿ ಎಂದು ಕಳಿಸಿದರು. ಮೆಟ್ಟಿಲಿಳಿಯುವಾಗ ಮಂಗಳಾ, "ಸದ್ಯ, ಬಾಯ್ನ ನೆಳ್ಳಲ್ಲಿ ಒಣಾಕ್ನಿಲ್ವಲ್ಲ" ಎಂದಳು.

ಆ ವಾರವೆಲ್ಲ ನಾನು ಡಾಕ್ಟರ ಮಾತನ್ನೇ ತಿರುವಿ ತಿರುವಿ ನೋಡಿದೆ. ಬಣ್ಣ ಬಿಡಬಾರದು ಎಂಬುದೇ ನಮ್ಮ ಮೂರು ತಲೆಮಾರಿನ ಮರ್ಯಾದೆ. ನಮ್ಮ ಮನೆಯ ಬಣ್ಣ ಸೀರೆ ಹರಿದರೂ ಹೋಗುವುದಿಲ್ಲ ಎಂದು ನೇಯುವವರು ಹೇಳಿದರೆ ಅಪ್ಪ ಊಟ ಬಿಟ್ಟು ಕೇಳುತ್ತಿದ್ದರು. ಬಂದು, ಕೆಲಸ ಮುಗಿಸಿ, ಗುರುತೇ ಇಲ್ಲದೆ ಹೋಗುವ ಬಣ್ಣವನ್ನೂ ಜಗತ್ತಿನಲ್ಲಿ ಯಾರೋ ಕೂತು ಕಾಯಿಸಿದ್ದಾರೆ ಎಂಬುದು ನನಗೆ ಆಶ್ಚರ್ಯದ ಸಂಗತಿ. ಅವರನ್ನು ಕಂಡರೆ ಏನು ಕೇಳಬಹುದೆಂದು ಯೋಚಿಸಿದೆ. ನಮ್ಮ ಕಸುಬಿನವರು ಮೊದಲು ಕೇಳುವ ಪ್ರಶ್ನೆ, ಗಿರಾಕಿ ವಾಪಸು ಬಂದರೇ ಎಂಬುದು. ಅವರಿಗೆ ಗಿರಾಕಿ ವಾಪಸು ಬರದಿದ್ದರೇ ಸಂತೋಷ.

ಕೊನೆಗೆ ಆ ದಿನ ಬಂತು. ಮೊದಲು ಕೆರೆಯುವ ಕೆಲಸ. ಅದರ ಸದ್ದನ್ನು ನಾನು ವರ್ಣಿಸುವುದಿಲ್ಲ, ನೀವು ನಾಳೆ ಹೋಗಬೇಕಾದವರಿರಬಹುದು. ಆಮೇಲೆ ಡಾಕ್ಟರು ನನಗೂ, ಗೋಡೆಯ ಪಕ್ಕ ನಿಂತಿದ್ದ ಮಂಗಳಾಳಿಗೂ ಕಪ್ಪು ಕನ್ನಡಕ ಕೊಟ್ಟು ತಾವೂ ಹಾಕಿಕೊಂಡರು. ಮೂವರೂ ಗ್ರಹಣ ನೋಡಲು ಸೇರಿದವರ ಹಾಗಿದ್ದೆವು. ನೀಲಿಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಒಂದೊಂದೇ ಜೇಬಿಗೆ ಬಿಟ್ಟರು. ನಾನು ಕನ್ನಡಕದ ಕೆಳಗಿಂದ ಕಳ್ಳಗಣ್ಣಲ್ಲಿ ನೋಡಿದೆ. ಒಳ್ಳೆಯ ನೀಲಿ. ನವಿಲಿನ ಕತ್ತಿನ ಬಣ್ಣಕ್ಕೆ ಸ್ವಲ್ಪ ಈಚೆ. ಪೆನ್ನಿನಷ್ಟು ಗಾತ್ರದ ಯಂತ್ರದ ತುದಿ ಹಲ್ಲಿನ ಬುಡಕ್ಕೆ ಬಂತು. ಈಗ ಸುಡುತ್ತದೆ, ಈಗ ಚಿಟ್ ಎನ್ನುತ್ತದೆ, ಈಗ ಹಲ್ಲು ಜಾರಿ ಗಂಟಲಿಗೆ ಹೋಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಯಂತ್ರ ಸಣ್ಣಗೆ ಬೀಪ್ ಅಂದಾಗ ಪಕ್ಕದ ಹಲ್ಲಿಗೆ, ಮತ್ತೆ ಬೀಪ್, ಮತ್ತೆ ಪಕ್ಕಕ್ಕೆ. ಇಷ್ಟು ಸದ್ದಿಲ್ಲದ ಕೆಲಸವನ್ನು ನಂಬುವುದು ನನ್ನಂಥವನಿಗೆ ಕಷ್ಟ. ಬಾಯಿ ಮುಕ್ಕಳಿಸಿದಾಗ ನೀಲಿ ನೀರು ಬಂತು, ಎರಡನೆಯ ಸಲಕ್ಕೆ ತೆಳುವಾಯಿತು, ಆಮೇಲೆ ಬರೀ ನೀರು.

ಮನೆಗೆ ಬಂದ ಮೇಲೆ ಹೊಸ ಹೆದರಿಕೆ. ಸಿಳ್ಳೆ ಹೊಡೆಯಬಹುದೇ ಎಂದು ಡಾಕ್ಟರನ್ನು ಕೇಳಲು ನಾಚಿಕೆಪಟ್ಟು ಬಿಟ್ಟುಬಿಟ್ಟಿದ್ದೆ. ಈ ವಯಸ್ಸಿನಲ್ಲಿ ಸಿಳ್ಳೆಯ ವಿಚಾರ ಎತ್ತಿದರೆ ಅವರು ಏನೆಂದುಕೊಳ್ಳಬೇಕು? ಈಗ ತಾನೇ ಶುದ್ಧವಾದ ವಸಡು, ಈಗ ತಾನೇ ನಿಲ್ಲಬೇಕೆಂದು ಯೋಚಿಸುತ್ತಿರುವ ಹಲ್ಲು. ಊದಿದ ಗಾಳಿಗೆ ಅದು ಹೊರಟುಬಿಟ್ಟರೆ? ಆ ವಾರ ಹಂಡೆ ಏರಿಸಲೇಬೇಕಿತ್ತು, ಒಂದು ಮದುವೆಯ ಸೀರೆಗಳಿಗೆ ಅರಗಿನ ಬಣ್ಣ. ಅಪ್ಪನ ಕೈಯಲ್ಲಿ ಕೆಟ್ಟದ್ದೂ ಅದೇ ಬಣ್ಣ. ನಾನು ಮಂಗಳಾಳಿಗೆ ಏನೂ ಹೇಳದೆ ಕೋಲು ಹಿಡಿದು ನಿಂತೆ. ಬಾಯಿ ಮುಚ್ಚಿಕೊಂಡೇ ಧಾಟಿಯನ್ನು ಮನಸ್ಸಿನಲ್ಲಿ ಹಾಡಿಕೊಂಡೆ. ಹೆದರಿದವನ ಮನಸ್ಸಿನ ಹಾಡು ಎಷ್ಟು ಓಡುತ್ತದೆ, ಎಷ್ಟು ನಿಲ್ಲುತ್ತದೆ ಎಂದು ನನಗೇ ತಿಳಿಯಲಿಲ್ಲ. ಎಲ್ಲೋ ಒಂದು ಕಡೆ ಮುಗಿಯಿತೆಂದುಕೊಂಡು ಲಡಿ ತಿರುಗಿಸಿದೆ. ಆವಿಯ ಆಚೆ ಅವಳು ತಿರುಗಿಸಿದಳೋ ಇಲ್ಲವೋ ಕಾಣಲಿಲ್ಲ. ಕೆಟ್ಟಿತು, ಕೆಟ್ಟೇ ಕೆಟ್ಟಿತು ಎಂದುಕೊಂಡೆ. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ.

ಲಡಿಗಳು ನೆರಳಲ್ಲಿ ಒಣಗಿದ ಮೇಲೆ ನಾನು ಒಂದೊಂದನ್ನೂ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದೆ. ಅವಳ ಕೋಲಿನದು, ನನ್ನ ಕೋಲಿನದು, ಎರಡನ್ನೂ ಪಕ್ಕಪಕ್ಕ ಇಟ್ಟೆ. ಲಡಿ ಲಡಿಯೂ ಒಂದೇ ಅರಗು. ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸಂತೋಷಕ್ಕೋ ಅವಮಾನಕ್ಕೋ ಹೇಳಲಾರೆ.

"ಸಿಳ್ಳೆ ಇಲ್ದೆ ಹದ ಹೇಗೆ ಗೊತ್ತಾಯ್ತು ನಿನಗೆ?" ಎಂದು ಕೇಳಿದೆ.

"ಸಿಳ್ಳೆ ಕೇಳ್ಕಂಡು ಯಾರ್ ತಿರುಗುಸ್ತಿದ್ರು?" ಎಂದಳು ಮಂಗಳಾ, ಗೊಂಚಲು ಕಟ್ಟುತ್ತಲೇ. "ಲಡಿ ತೂಕ ಕೈಗೇ ಗೊತ್ತಾಯ್ತದೆ. ನಿಮ್ ಸಿಳ್ಳೆ ಮುಗಿಯಾದ್ರೊಳ್ಗೆ ನಾನು ತಿರುಗಿಸ್ಬುಟ್ಟಿರ್ತಿದ್ದೆ. ನಿಮ್ ಕೈನೂ ಅಷ್ಟೇ, ತಾನೇ ತಿರುಗಿಸ್ತದೆ. ಸಿಳ್ಳೆ ಇಂದ್ಗಡೆ ಬತ್ತದೆ."

ಇಷ್ಟು ವರ್ಷ ನಾನು ಊದಿದ್ದು ಮೆರವಣಿಗೆಯ ಹಿಂದೆ ನಡೆಯುವವನ ಕಹಳೆಯೇ? ಅಪ್ಪನ ನೆನಪಾಯಿತು. ಆ ವಾರ ಅವರ ಕೈ ಕೆಟ್ಟದ್ದು ಸಿಳ್ಳೆ ಹೋದದ್ದಕ್ಕಲ್ಲ, ಹೋಯಿತೆಂದು ಹೆದರಿದ್ದಕ್ಕೆ ಇರಬಹುದು. ಅವರು ಇನ್ನೂ ನಾಲ್ಕು ದಿನ ಹಂಡೆಯ ಮುಂದೆ ನಿಂತಿದ್ದರೆ ಸಾಕಿತ್ತೋ ಏನೋ. ಹಾಗಾದರೆ ಇನ್ನು ಮುಂದೆ ಸಿಳ್ಳೆ ಬೇಡವೇ ಬೇಡ, ಹಲ್ಲು ಬಿದ್ದರೂ ಚಿಂತೆಯಿಲ್ಲ ಎಂದೆ. ಚಿಂತೆಯಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲಿರಬೇಕು. ಅವಳು ಗೊಂಚಲು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಬ್ಯಾಡ ಅನ್ಬೇಡಿ. ನೀವು ಸಿಳ್ಳೆ ಒಡೀತಿದ್ರೆ ಬ್ಯಾರೆ ಏನೂ ಯೋಚ್ನೆ ಮಾಡ್ತಿಲ್ಲ ಅಂತ ನಂಗೆ ಗೊತ್ತಾಯ್ತದೆ. ಈ ವಾರೆಲ್ಲ ಆ ಆವಿ ಒಳ್ಗೆ ನಿಮ್ ಮಕ ಕಾಣ್ದು, ಸದ್ದೂ ಇಲ್ಲ. ನಿಂತೇ ಅವ್ರೋ, ಬಿದ್ದೋದ್ರೋ ಅಂತ ನಾನ್ ಎಷ್ಟ್ ಸಲ ಬಗ್ಗಿ ಬಗ್ಗಿ ನೋಡ್ದೆ ಗೊತ್ತಾ?"

ಈ ಮನೆಯಲ್ಲಿ ಹೆದರುವ ಕೆಲಸವನ್ನೆಲ್ಲ ನಾನೊಬ್ಬನೇ ವಹಿಸಿಕೊಂಡಿದ್ದೇನೆ ಎಂದು ನಾನು ತಿಳಿದಿದ್ದೆ. ಅವಳ ಪಾಲಿನದನ್ನು ಅವಳು ಬೈಗುಳದೊಳಗೆ ಸೇರಿಸಿ ಇಷ್ಟು ದಿನ ಸಾಗಿಸಿದ್ದಳು.

ಮುಂದಿನ ಸಲ ಹೋದಾಗ ಡಾಕ್ಟರು ಕಡ್ಡಿ ಇಳಿಸಿ ನೋಡಿ, ಜೇಬು ಆಳ ಕಡಿಮೆಯಾಗಿದೆ, ರಕ್ತ ನಿಂತಿದೆ, ಹಲ್ಲು ಒಂದಿಷ್ಟು ಬಿಗಿಯಾಗಿದೆ ಎಂದರು. ಎಷ್ಟು ದಿನ ಹೀಗೆ ನಿಲ್ಲುತ್ತದೆ ಎಂದು ಕೇಳಿದರೆ, ನೀವು ಉಜ್ಜಿ ನೋಡಿಕೊಂಡಷ್ಟು ದಿನ ಎಂದು ಹೇಳಿ, ಆಗಾಗ ಬಂದು ತೋರಿಸಲು ಒಪ್ಪಿಸಿದರು. ನಾನು ಗಟ್ಟಿ ಮನಸ್ಸು ಮಾಡಿ ಸಿಳ್ಳೆಯ ವಿಷಯ ಕೇಳಿದೆ. ಅವರು ನಕ್ಕು, "ಧಾರಾಳವಾಗಿ ಹೊಡೀರಿ ಅಂಕಲ್, ಆದ್ರೆ ನನ್ನ ಕ್ಲಿನಿಕ್ಕಿನ ಮುಂದೆ ಬೇಡ" ಎಂದರು.

ಮಾರನೆಯ ಬೆಳಿಗ್ಗೆ ಹಂಡೆ ಏರಿತು. ಹಳದಿ, ಹಗುರವಾದ ಬಣ್ಣ. ಆವಿಯ ಆಚೆಗೆ ಅವಳು ಮಸುಕಾಗಿ ನಿಂತಿದ್ದಳು. ನಾನು ತುಟಿ ಒದ್ದೆ ಮಾಡಿಕೊಂಡು ಅಳುಕುತ್ತಲೇ ಊದಿದೆ. ಮೊದಲು ಗಾಳಿ, ಆಮೇಲೆ ಧಾಟಿ. ಹಲ್ಲು ಅಲ್ಲಾಡಿತೋ ಇಲ್ಲವೋ ನೋಡಿಕೊಳ್ಳಲು ಮರೆತೆ. ಆಚೆ ಕಡೆ ಬಗ್ಗಿದ್ದ ತಲೆಯೊಂದು ನೆಟ್ಟಗಾಯಿತು. ಸಿಳ್ಳೆ ಮುಗಿಯುವುದಕ್ಕೆ ಇನ್ನೂ ಒಂದೆಳೆ ಇರುವಾಗಲೇ ಅವಳು ಲಡಿ ತಿರುಗಿಸಿಬಿಟ್ಟಿದ್ದಳು, ನನ್ನದೂ ತಿರುಗಿತ್ತು. ನಾನು ಉಳಿದ ಆ ಎಳೆಯನ್ನು ಅವಳಿಗೆ ಕೇಳಿಸಲೆಂದು ಪೂರ್ತಿ ಊದಿದೆ.